ಚಾರ್ಲ್‌ಸ್ಟನ್‌ನ ಬಣ್ಣದ ಮನೆಗಳು: ನೋಡೋಕೆ ಹೋಗಬೇಕಾ?

ಪರ

ನನ್ನ ಪಾಲಿಗೆ ಬಂದದ್ದು ಪರ ಪಕ್ಷ. ಈ ಮನೆಗಳಿಗಾಗಿಯೇ ದೂರದಿಂದ ಬನ್ನಿ ಅಂತ ನಾನೂ ಹೇಳುವುದಿಲ್ಲ. ಆದರೆ ಅಮೆರಿಕದ ಈ ಬಂದರು ಊರಿಗೆ ಹೋದ ಮೇಲೆ ರೇನ್‌ಬೋ ರೋ ಎಂಬ ಈ ಬಣ್ಣದ ಮನೆಗಳ ಸಾಲನ್ನು ನೋಡದೆ ಬರಬೇಡಿ.

ಈಸ್ಟ್ ಬೇ ಸ್ಟ್ರೀಟ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ 13 ಮನೆಗಳು. ಗುಲಾಬಿ, ಹಳದಿ, ಹಸಿರು, ನೀಲಿ, ಎಲ್ಲವೂ ತಿಳಿ ಬಣ್ಣ. 18ನೇ ಶತಮಾನದಲ್ಲಿ ಬಂದರಿನ ವ್ಯಾಪಾರಿಗಳು ಇಲ್ಲಿ ಕೆಳಗೆ ಅಂಗಡಿ ಇಟ್ಟು, ಮೇಲೆ ಸಂಸಾರ ಮಾಡುತ್ತಿದ್ದರು. ಅಂತರ್ಯುದ್ಧದ ನಂತರ ಬೀದಿ ಹಾಳು ಬಿತ್ತು. 1920ರ ದಶಕದಲ್ಲಿ, ಊರಿನ ಹಳೇ ಮನೆಗಳನ್ನು ಉಳಿಸಲು ಹೊರಟಿದ್ದ ಸೂಸನ್ ಪ್ರಿಂಗಲ್ ಫ್ರಾಸ್ಟ್ ಇಲ್ಲಿ ಆರು ಮನೆ ಕೊಂಡರು, ಆದರೆ ರಿಪೇರಿಗೆ ದುಡ್ಡಿರಲಿಲ್ಲ. 1931ರಲ್ಲಿ ಡೊರೊತಿ ಲೆಗ್ ಕೊಂಡ ಮನೆಗೆ ಗುಲಾಬಿ ಬಣ್ಣ ಬಂತು. ಆಮೇಲೆ ಅಕ್ಕಪಕ್ಕದವರೂ ಶುರು ಮಾಡಿದರು. ಹಳೇ ಬಡಾವಣೆಯನ್ನು ಕಾಪಾಡಲು ನಗರಾಡಳಿತ ಕಾನೂನು ತಂದದ್ದೂ ಅದೇ ವರ್ಷ. ಅಮೆರಿಕದಲ್ಲಿ ಅಂಥ ಕಾನೂನು ಅದೇ ಮೊದಲು.

ಕುಡಿದು ಬಂದ ನಾವಿಕರಿಗೆ ಮನೆ ಗುರುತು ಸಿಗಲಿ ಅಂತ ಬಣ್ಣ ಹೊಡೆದರು ಎಂಬ ಕಥೆಯೂ ಕೇಳಿಬರುತ್ತದೆ. ನಂಬಬೇಡಿ.

ಮನೆಗಳು ಪೂರ್ವಕ್ಕೆ ಮುಖ ಮಾಡಿವೆ. ಬೆಳಿಗ್ಗೆಯೇ ಹೋಗಿ, ಎಳೆಬಿಸಿಲು ಬಿದ್ದಾಗ ಗೋಡೆಗಳು ತುಂಬಾ ಚೆನ್ನಾಗಿ ಕಾಣುತ್ತವೆ. ಟಿಕೆಟ್ ಏನೂ ಇಲ್ಲ. ಜನ ವಾಸ ಇರುವ ಮನೆಗಳು, ಬಾಗಿಲ ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ.

ವಿರೋಧ

ಪರ ಇರುವವರು ಬಣ್ಣ, ಬಣ್ಣ ಅನ್ನುತ್ತಾರೆ. ನಾನು ಕೇಳುವುದು ಒಂದೇ. ಬಂದರಿನ ವ್ಯಾಪಾರಿಗಳು ಅಂದರೆ ಯಾವ ವ್ಯಾಪಾರ?

ಅಕ್ಕಿ, ಬಟ್ಟೆಗೆ ಹಾಕುವ ನೀಲಿ ಬಣ್ಣ, ಮನುಷ್ಯರು. ಅದೇ ಬೀದಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಓಲ್ಡ್ ಎಕ್ಸ್‌ಚೇಂಜ್ ಕಟ್ಟಡ ಇದೆ. ಅದರ ಪಕ್ಕದ ಬಯಲಿನಲ್ಲೇ ಗುಲಾಮರನ್ನು ಹರಾಜು ಹಾಕುತ್ತಿದ್ದರು. 1856ರಲ್ಲಿ ಬೀದಿ ಹರಾಜನ್ನು ನಿಷೇಧಿಸಿದರು. ಹರಾಜು ನಿಲ್ಲಲಿಲ್ಲ, ಚಾಮರ್ಸ್ ಸ್ಟ್ರೀಟ್‌ನಂಥ ಕಡೆ ಗೋಡೆಗಳ ಒಳಗೆ ಹೋಯಿತು, ಅಷ್ಟೇ. ಚಾಮರ್ಸ್ ಸ್ಟ್ರೀಟ್‌ನ ಆ ಹರಾಜು ಮಂಡಿ ಈಗ ಮ್ಯೂಸಿಯಂ. ಹಡಗುಗಳಿಂದ ಆಫ್ರಿಕದವರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ಸ್ ವಾರ್ಫ್‌ನಲ್ಲಿ 2023ರಲ್ಲಿ ಇನ್ನೊಂದು ಮ್ಯೂಸಿಯಂ ತೆರೆಯಿತು. ಹೋಗಬೇಕಾದದ್ದು ಅಲ್ಲಿಗೆ. ಹಳೇ ಮನೆ ಉಳಿಸಿದರು ಅನ್ನುವುದು ಇರಲಿ, ಈ ಬಣ್ಣ ಹಳೆಯದಲ್ಲವಲ್ಲ!

ನಾನು, ತಂಗಿ, ಅವಳ ಏಳು ವರ್ಷದ ಮಗಳು ಹೋಗಿದ್ದೆವು. ಬಣ್ಣದ ಮನೆಗಳ ಮುಂದೆ ವಿಪರೀತ ಜನ. ಫೋಟೊ ಸಂಜೆ ತೆಗೆದರಾಯಿತು ಅಂತ ಚಾಮರ್ಸ್ ಸ್ಟ್ರೀಟ್ ಕಡೆ ನಡೆದೆವು. ಉರುಟು ಕಲ್ಲು ಹಾಸಿದ ಬೀದಿ, ಕಾಲು ಹೊರಳುತ್ತದೆ. ದಾರಿಯಲ್ಲಿ ಒಂದು ಹಳೇ ಇಟ್ಟಿಗೆ ಗೋಡೆ. ತಂಗಿ ನಿಂತಳು. ಒಂದು ಇಟ್ಟಿಗೆಯಲ್ಲಿ ಬೆರಳಿನ ಗುರುತು ಇತ್ತು. ಒಂದಲ್ಲ, ಮೂರು.

ಈ ಊರಿನ ಹಳೇ ಇಟ್ಟಿಗೆಗಳನ್ನು ಮಾಡಿದ್ದು ಗುಲಾಮರು. ಹಸಿ ಇಟ್ಟಿಗೆಯನ್ನು ಒಣಗಲು ಮಗುಚಿ ಇಡುವ ಕೆಲಸ ಎಷ್ಟೋ ಸಲ ಮಕ್ಕಳದ್ದು. ಮಣ್ಣು ಮೆತ್ತಗಿರುವಾಗ ಒತ್ತಿದ ಬೆರಳು ಸುಟ್ಟ ಮೇಲೂ ಹಾಗೇ ಉಳಿದಿದೆ.

ಆ ಗುಳಿಗಳಲ್ಲಿ ನನ್ನ ಬೆರಳು ಹಿಡಿಸಲಿಲ್ಲ. ಮಗು ತನ್ನ ಬೆರಳಿಟ್ಟಳು. ಸರಿಯಾಗಿ ಕೂತವು. ತಂಗಿ ಅವಳ ಕೈ ಹಿಡಿದು ಮೆಲ್ಲಗೆ ಈಚೆ ಎಳೆದುಕೊಂಡಳು.

ಸಂಜೆ ಫೋಟೊ ತೆಗೆಯೋಕೆ ನಾವು ಹೋಗಲಿಲ್ಲ.