ರಸ್ತೆ ಸಂಗೀತ ಬೇಕಂತೆ, ರಸ್ತೆ ಬೇಡ್ವಂತೆ

ಹೋದ ಭಾನುವಾರ ನಮ್ಮ ದಾವಣಗೆರೆ ಮಂಡಿಪೇಟೆಗೆ ಬೆಂಗಳೂರಿಂದ ಮೂರು ಹುಡುಗ್ರು ಬಂದಿದ್ರು, ಬೆಣ್ಣೆ ದೋಸೆ ತಿನ್ನೋಕಿರ್ಬೇಕು ಅಂದ್ಕೊಂಡೆ, ಅಲ್ವಂತೆ, ಉರುಮೆ ಅಜ್ಜನ್ನ ರೆಕಾರ್ಡ್ ಮಾಡೋಕಂತೆ, ಅದೂ ಹಳೇ ಟೇಪ್‌ರೆಕಾರ್ಡರಲ್ಲಿ! ಮೂವರ ಜೇಬಲ್ಲೂ ಲಕ್ಷ ರೂಪಾಯಿ ಫೋನು. ಯಾಕ್ರಪ್ಪಾ ಈ ಪಾಡು ಅಂದ್ರೆ "ಡಿಜಿಟಲ್‌ನಲ್ಲಿ ಆತ್ಮ ಇರಲ್ಲ ಅಂಕಲ್" ಅಂದ ಒಬ್ಬ.

ಆತ್ಮ ಅಂತೆ. 1963ರಲ್ಲಿ ಫಿಲಿಪ್ಸ್‌ನವರು ಈ ಕ್ಯಾಸೆಟ್ ತಂದಿದ್ದು ಮಾತು ಹಿಡಿದಿಟ್ಕೊಳ್ಳೋಕೆ, ಸಂಗೀತ ಆಮೇಲೆ ಹತ್ಕೊಂಡಿದ್ದು. 3.81 ಮಿಲಿಮೀಟರ್ ಅಗಲದ ಪಟ್ಟಿ, ಸೆಕೆಂಡಿಗೆ 4.76 ಸೆಂಟಿಮೀಟರ್ ತೆವಳುತ್ತೆ, ಅಷ್ಟರಲ್ಲಿ ಆತ್ಮ ಎಲ್ಲಿ ಕೂರುತ್ತೋ.

ಮೊದಲಿಗೆ ರೆಕಾರ್ಡ್ ಬಟನ್ನೇ ಕೂರಲಿಲ್ಲ. ಮೂವರೂ ಫೋನಲ್ಲಿ ವಿಡಿಯೋ ಹುಡುಕಿದ್ದೇ ಹುಡುಕಿದ್ದು. ನೋಡಿದ್ರೆ ಕ್ಯಾಸೆಟ್ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದಿತ್ತು, ಬೀಡಾ ಅಂಗಡಿಯಿಂದ ಸೆಲ್ಲೋಟೇಪ್ ತಂದು ನಾನೇ ಅಂಟಿಸ್ಕೊಟ್ಟೆ (ನಮ್ಮ ತಲೆಮಾರಿನ ಏಕೈಕ ವಿದ್ಯೆ ಅದು).

ಆಮೇಲೆ ಶುರುವಾಯ್ತು ನೋಡಿ. ಆಟೋ ಹಾರ್ನ್ ಬಂತು, ಕಟ್. ತಳ್ಳುಗಾಡಿ ಬಂತು, ಕಟ್. ಅಜ್ಜ ಉರುಮೆ ಚರ್ಮಕ್ಕೆ ಕೋಲು ಉಜ್ಜಿ ಉರ್ರ್ ಅನ್ನಿಸೋದ್ರೊಳಗೆ ಇನ್ನೊಂದು ಕಟ್. ಕೊನೆಗೆ ಮಿರ್ಚಿಯೋನ ಹತ್ರ ಹೋಗಿ "ಅಣ್ಣ ಸ್ವಲ್ಪ ಸ್ಟವ್ ಆಫ್ ಮಾಡಿ, ಎಣ್ಣೆ ಸುಂಯ್ ಅನ್ನೋದು ಟೇಪಲ್ಲಿ ಬರ್ತಿದೆ" ಅಂದ್ರಲ್ಲ! ಟೇಪು ತಾನೇ ಸುಂಯ್ ಅನ್ನುತ್ತೆ ಕಣ್ರೀ, ಆ ಸುಂಯ್ ಬೇಕು ಅಂತಾನೇ ಇವ್ರು 260 ಕಿಲೋಮೀಟರ್ ಪೆಟ್ರೋಲ್ ಸುಟ್ಕೊಂಡು ಬಂದಿರೋದು, ಆದ್ರೆ ಮಿರ್ಚಿ ಸುಂಯ್ ಮಾತ್ರ ಡಿಸ್ಟರ್ಬೆನ್ಸು. ಅದೇ ಹೊತ್ತಿಗೆ ಯಾರೋ ಲೀಡರ್ ಬರ್ತ್‌ಡೇ ಡಿಜೆ ಲಾರಿ ಶಟರ್‌ಗಳನ್ನೆಲ್ಲ ನಡುಗಿಸ್ತಾ ಹೋಯ್ತು, ಅದಕ್ಕೆ ಯಾರೂ ಕಟ್ ಅನ್ಲಿಲ್ಲ, ಹೆಡ್‌ಫೋನ್ ತೆಗೆದು ಕೈ ಕಟ್ಕೊಂಡು ನಿಂತ್ರು.

ಆ ಮಷಿನ್ನೋ ಇನ್ನೂ ಒಂದು ಕೈ ಮುಂದೆ, ಅಜ್ಜ ಜೋರಾಗಿ ಬಾರಿಸಿದ್ರೆ ಹೆದ್ರಿ ಸೌಂಡ್ ತಾನೇ ಕಮ್ಮಿ ಮಾಡ್ಕೊಳ್ಳುತ್ತೆ, ಕೈ ಎತ್ತಿದ ತಕ್ಷಣ ತಾನೇ ಏರಿಸಿ ಬರೀ ಸುಂಯ್. ಸಿ-60 ಕ್ಯಾಸೆಟ್ಟು, ಒಂದು ಸೈಡಿಗೆ 30 ನಿಮಿಷ, ಅದ್ರಲ್ಲಿ ಮುಕ್ಕಾಲು ಪಾಲು ಇವ್ರ "ಚೆಕ್ ಚೆಕ್"ಗೇ ಹೋಯ್ತು.

ಮುಗಿದ್ಮೇಲೆ ಅಜ್ಜನ ಕೈಗೆ 200 ರೂಪಾಯಿ, ಒಂದು ಪ್ಲೇಟ್ ಮಿರ್ಚಿ. ಮಷಿನ್ನಿಗೆ ಎಷ್ಟು ಅಂತ ಕೇಳಿದ್ರೆ ಹದಿನೆಂಟು ಸಾವಿರ, "ವಿಂಟೇಜ್ ಅಂಕಲ್". ಈಗ ಇದನ್ನ ಲ್ಯಾಪ್‌ಟಾಪಿಗೆ ಹಾಕಿ, ಡಿಜಿಟಲ್ ಮಾಡಿ, ನೆಟ್ಟಿಗೆ ಬಿಡ್ತಾರಂತೆ. ಆತ್ಮಕ್ಕೆ ಅಲ್ಲಿಗೆ ಮೋಕ್ಷ.

"ನಮ್ ಮೊಮ್ಮಗಂಗೆ ವಾಟ್ಸಪ್ ಮಾಡ್ರಪ್ಪಾ" ಅಂದ ಅಜ್ಜ. ಇಲ್ವಂತೆ, ಮೊದಲು ಐವತ್ತೇ ಐವತ್ತು ಕ್ಯಾಸೆಟ್ ಬಿಡ್ತಾರಂತೆ, ನಂಬರ್ ಹಾಕಿ. ಅಜ್ಜ ಮಷಿನ್ನನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇಂಥದ್ದೇ ನಮ್ಮನ್ಯಾಗೂ ಇತ್ತಪ್ಪ. ಗುಜರಿಯೋನು ಎರಡು ಪ್ಲಾಸ್ಟಿಕ್ ಬಕೆಟ್ ಕೊಟ್ಟು ತಗಂಡು ಹೋದ. ಒಂದು ಸೋರ್ತತಿ."