ಬಾಣಂತನಕ್ಕೆ ಹೊರಟವರ ಸಿಮ್ ಕಾರ್ಡು

ಮಕ್ಕಳ ಮನೆಗೆಂದು ಅಮೆರಿಕಕ್ಕೋ ಜರ್ಮನಿಗೋ ಹೊರಟ ನನ್ನ ಓರಗೆಯವರು ಈಚೆಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ಅಲ್ಲಿಗೆ ಹೋದ ಮೇಲೆ ಯಾವ ಸಿಮ್ ತೆಗೆದುಕೊಳ್ಳಬೇಕು? ಮಗಳ ಬಾಣಂತನಕ್ಕೆಂದು ಡಲ್ಲಾಸ್‌ನಲ್ಲಿ ಐದೂವರೆ ತಿಂಗಳು ಇದ್ದು ಬಂದವನಾದ್ದರಿಂದ ನನಗೆ ಇದೆಲ್ಲ ಗೊತ್ತಿದೆಯೆಂಬುದು ಅವರ ನಂಬಿಕೆ. ಅಲ್ಲಿಯ ಸಿಮ್ಮಿನ ಚಿಂತೆಯನ್ನು ಮಕ್ಕಳಿಗೆ ಬಿಡಿ, ಇಲ್ಲಿಯ ಸಿಮ್ಮನ್ನು ಆರು ತಿಂಗಳು ಜೀವಂತವಾಗಿ ಉಳಿಸಿಕೊಳ್ಳುವುದು ಹೇಗೆಂದು ಯೋಚಿಸಿ ಎಂದು ನಾನು ಹೇಳಿದಾಗ, ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲವೆಂಬಂತೆ ಸುಮ್ಮನಾಗುತ್ತಾರೆ.

ಅಲ್ಲಿಯ ಸಿಮ್ಮಿನ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಆಧಾರ್, ಫೋಟೊ ಎಲ್ಲ ಕೊಟ್ಟು ಸಿಮ್ ಪಡೆದು ರೂಢಿಯಾದವರಿಗೆ ಅಮೆರಿಕದಲ್ಲಿ ಪ್ರೀಪೇಯ್ಡ್ ಸಿಮ್ಮನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಸೋಪು ಕೊಂಡಂತೆ ಕೊಳ್ಳಬಹುದೆಂಬುದೇ ಆಶ್ಚರ್ಯ. ಮಗಳೋ ಅಳಿಯನೋ ತಮ್ಮ ಫ್ಯಾಮಿಲಿ ಪ್ಲಾನಿಗೆ ನಿಮ್ಮನ್ನು ಸೇರಿಸಿದರೆ ಅದೂ ಬೇಡ. ಫೋನಿನಲ್ಲಿ ಇ-ಸಿಮ್ ಸೌಲಭ್ಯವಿದ್ದರೆ ಕ್ಯೂಆರ್ ಕೋಡ್ ತೋರಿಸಿದರೆ ಸಾಕು, ಪ್ಲಾಸ್ಟಿಕ್ ಚೂರು ಹಾಕುವ ಪ್ರಮೇಯವೇ ಇಲ್ಲ. ನೆನಪಿಡಬೇಕಾದದ್ದು ಹಳೆಯ ಫೋನಿನ ವಿಷಯ ಮಾತ್ರ. ಅಮೆರಿಕದ ದೊಡ್ಡ ಕಂಪನಿಗಳು ತಮ್ಮ 3ಜಿ ಜಾಲವನ್ನು 2022ರಲ್ಲಿ ಮುಚ್ಚಿದವು. ಅಲ್ಲಿಯ 4ಜಿ ಜಾಲದಲ್ಲಿ ಮಾತಿನ ಕರೆ ಮಾಡಲು ಬಾರದ ಫೋನುಗಳಲ್ಲಿ ಇಂಟರ್ನೆಟ್ ನಡೆದರೂ ಕರೆ ಹೋಗದಿರಬಹುದು. ನನ್ನ ಹೆಂಡತಿಯ ಫೋನಿಗೆ ಆದದ್ದು ಅದೇ.

ಇನ್ನು ನಮ್ಮ ನಂಬರಿನ ಕಥೆ. ಜನವರಿಯಲ್ಲಿ ಹೊರಡುವಾಗ ಲೇಹ್ಯ, ಮೆಂತ್ಯದ ಹಿಟ್ಟು, ಚಟ್ನಿಪುಡಿಗಳನ್ನು ಎರಡೆರಡು ಸಲ ತೂಗಿ ಸೂಟ್‌ಕೇಸು ಕಟ್ಟಿದ ನಾವು, ಸಿಮ್ಮಿನ ವಿಷಯದಲ್ಲಿ ಮಾಡಿದ್ದು ಹತ್ತು ದಿನದ ಒಂದು ರೋಮಿಂಗ್ ಪ್ಯಾಕ್ ಹಾಕಿಸಿದ್ದಷ್ಟೆ. ಅದು ಮುಗಿದ ಮೇಲೆ ಇನ್ನು ಇದರಿಂದ ಉಪಯೋಗವಿಲ್ಲವೆಂದು ಸಿಮ್ಮನ್ನು ತೆಗೆದು, ಕಳೆದುಹೋಗಬಾರದೆಂಬ ಮುತುವರ್ಜಿಯಿಂದ ದೇವರ ಪಟದ ಹಿಂದೆ ಒಂದು ಲಕೋಟೆಯಲ್ಲಿಟ್ಟೆ. ಏಪ್ರಿಲ್ ಬಂತು. ಬೆಂಗಳೂರಿನ ಮನೆಯ ಆಸ್ತಿ ತೆರಿಗೆಯನ್ನು ಆ ತಿಂಗಳೊಳಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿಯುಂಟು. ಮಗಳ ಲ್ಯಾಪ್‌ಟಾಪಿನ ಮುಂದೆ ಕುಳಿತು ಎಲ್ಲ ವಿವರ ತುಂಬಿ ಕಾರ್ಡಿನ ಸಂಖ್ಯೆ ಒತ್ತಿದಾಗ, ನಿಮ್ಮ ಮೊಬೈಲಿಗೆ ಓಟಿಪಿ ಕಳುಹಿಸಿದ್ದೇವೆ ಎಂಬ ವಾಕ್ಯ ಬಂತು. ಲಕೋಟೆಯಿಂದ ಸಿಮ್ ತೆಗೆದು ಫೋನಿಗೆ ಹಾಕಿದರೆ ಅದಕ್ಕೆ ಉಸಿರೇ ಇಲ್ಲ. ರೋಮಿಂಗ್ ಪ್ಯಾಕ್ ಮಾತ್ರವಲ್ಲ, ಅದರ ಕೆಳಗಿದ್ದ 28 ದಿನಗಳ ಮೂಲ ರೀಚಾರ್ಜೂ ಫೆಬ್ರವರಿಯಲ್ಲೇ ತೀರಿಹೋಗಿತ್ತು.

ರೀಚಾರ್ಜ್ ಮಾಡೋಣವೆಂದರೆ ನನ್ನ ಕಾರ್ಡಿಗೆ ಮತ್ತೆ ಓಟಿಪಿ ಬೇಕು, ಅದು ಬರಬೇಕಾದದ್ದು ರೀಚಾರ್ಜ್ ಆಗದ ಅದೇ ಸಿಮ್ಮಿಗೆ. ಮಗಳ ಅಮೆರಿಕದ ಕಾರ್ಡನ್ನು ಕಂಪನಿಯ ಆ್ಯಪ್ ಒಪ್ಪಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾನು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಅರ್ಥಮಾಡಿಕೊಂಡಿರಲಿಲ್ಲ. ಕೊನೆಗೆ ಮೈಸೂರಿನಲ್ಲಿರುವ ತಂಗಿಯ ಮಗ ತನ್ನ ಫೋನಿನಿಂದ ರೀಚಾರ್ಜ್ ಮಾಡಿಸಿದ. ರೋಮಿಂಗ್ ಮತ್ತೆ ಚಾಲೂ ಆಗುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಆಮೇಲೆ ಅಳಿಯ ವಿವರಿಸಿದ್ದನ್ನು ಹೊರಡುವ ಮೊದಲೇ ಕೇಳಿಸಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಪರದೇಶದಲ್ಲಿ ನಮ್ಮ ಸಿಮ್ ಅಲ್ಲಿಯ ಯಾವುದೋ ಜಾಲಕ್ಕೆ ಅಂಟಿಕೊಂಡಾಗ ಆ ಜಾಲವು ನಮ್ಮ ಕಂಪನಿಯನ್ನು ವಿಚಾರಿಸುತ್ತದೆ, ನಮ್ಮ ಕಂಪನಿ ಈ ಗಿರಾಕಿ ಈಗ ಇಂಥಲ್ಲಿದ್ದಾನೆಂದು ಬರೆದಿಟ್ಟುಕೊಳ್ಳುತ್ತದೆ. ಎಸ್ಸೆಮ್ಮೆಸ್ ಆ ವಿಳಾಸ ಹಿಡಿದು ಬರುತ್ತದೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ದುಬಾರಿ ಡೇಟಾ ಪ್ಯಾಕ್ ಬೇಕಿಲ್ಲ. ಒಳಬರುವ ಎಸ್ಸೆಮ್ಮೆಸ್ಸಿಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಶುಲ್ಕವನ್ನೂ ಹಾಕುವುದಿಲ್ಲ. ಆದ್ದರಿಂದ ಎರಡು ಸಿಮ್ಮಿನ ಫೋನು, ಒಂದರಲ್ಲಿ ಅಲ್ಲಿಯ ಡೇಟಾ, ಇನ್ನೊಂದರಲ್ಲಿ ಡೇಟಾ ರೋಮಿಂಗ್ ಆರಿಸಿಟ್ಟ ನಮ್ಮ ನಂಬರು, ಹೊರಡುವ ಮೊದಲೇ ಚಾಲೂ ಮಾಡಿಸಿದ ಅಂತರರಾಷ್ಟ್ರೀಯ ರೋಮಿಂಗ್, ಮತ್ತು ಮರಳುವ ದಿನಕ್ಕಿಂತ ಆಚೆಗೂ ಚಾಚಿಕೊಂಡ ರೀಚಾರ್ಜ್ ಅವಧಿ ಇದ್ದರೆ ಸಾಕು. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರವುಳ್ಳ ಪ್ಯಾಕುಗಳನ್ನು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿ, ಅಂಥ ಪ್ಯಾಕಿನ ಅವಧಿ 365 ದಿನಗಳವರೆಗೂ ಇರಬಹುದೆಂದಿದೆ. ನಮ್ಮಂಥ ದೀರ್ಘ ಪ್ರವಾಸಿಗಳಿಗೆ ಹೇಳಿ ಮಾಡಿಸಿದ್ದು ಅದು, ಆದರೆ ಅಂಗಡಿಯವನು ತಾನಾಗಿ ತೋರಿಸುವುದಿಲ್ಲ, ಕೇಳಿ ಪಡೆಯಬೇಕು.

ಒಳಬರುವ ಕರೆಯ ವಿಷಯ ಮಾತ್ರ ಬೇರೆ. 2003ಕ್ಕೆ ಮೊದಲು ಮೊಬೈಲ್ ಇಟ್ಟುಕೊಂಡವರಿಗೆ, ಬೇರೆಯವರು ಮಾಡಿದ ಕರೆಗೂ ನಾವೇ ದುಡ್ಡು ಕೊಡುತ್ತಿದ್ದ ಕಾಲ ನೆನಪಿರಬಹುದು. ರೋಮಿಂಗಿನಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ. ಬೆಂಗಳೂರಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಸಾಲ ಬೇಕೇ ಸಾರ್ ಎಂದು ಕರೆ ಮಾಡುವವರಿಗೆ ಡಲ್ಲಾಸ್‌ನಲ್ಲಿ ನಡುರಾತ್ರಿ ಕಳೆದಿರುತ್ತದೆಂಬುದು ತಿಳಿದಿರುವುದಿಲ್ಲ. ನಿದ್ದೆಗಣ್ಣಿನಲ್ಲಿ ಹಲೋ ಎಂದದ್ದಕ್ಕೂ ಲೆಕ್ಕ ಬೀಳುತ್ತದೆ. ದಾರಿಯಲ್ಲಿಯೂ ಎಚ್ಚರವಿರಲಿ. ಅಮೆರಿಕಕ್ಕೆಂದು ಕೊಂಡ ಪ್ಯಾಕು ದುಬೈನಲ್ಲೋ ದೋಹಾದಲ್ಲೋ ವಿಮಾನ ಬದಲಿಸುವ ನಾಲ್ಕು ಗಂಟೆಗೆ ಅನ್ವಯಿಸುತ್ತದೆಂದು ಭಾವಿಸಬಾರದು. ಕೆಲವು ವಿಮಾನಗಳೊಳಗೇ ಪ್ರತ್ಯೇಕ ಮೊಬೈಲ್ ಜಾಲವಿರುತ್ತದೆ, ಫ್ಲೈಟ್ ಮೋಡ್ ಹಾಕಲು ಮರೆತರೆ ಫೋನು ಅದಕ್ಕೂ ತಗುಲಿಕೊಳ್ಳುತ್ತದೆ, ಅದರ ದರ ನೆಲದ ದರಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇಷ್ಟೆಲ್ಲ ನನ್ನ ತಪ್ಪೇ ಎಂದು ಒಪ್ಪಿಕೊಂಡರೂ ನನ್ನೊಳಗಿನ ತಕರಾರು ತೀರುವುದಿಲ್ಲ. ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹತ್ತಂಕಿಯ ಸಂಖ್ಯೆಯೊಂದಕ್ಕೆ ನಮ್ಮ ಬ್ಯಾಂಕು, ಆಧಾರ್, ಪಿಂಚಣಿ, ತೆರಿಗೆ ಎಲ್ಲವನ್ನೂ ತೂಗುಹಾಕಿದ್ದೇವೆ. ಬಳಕೆಯೇ ಇಲ್ಲದೆ 90 ದಿನ ಕಳೆದರೆ ನಂಬರನ್ನು ಕಂಪನಿ ರದ್ದುಮಾಡಬಹುದು. ರದ್ದಾದ ನಂಬರು ಇನ್ನೊಂದು 90 ದಿನಗಳ ನಂತರ ಬೇರೊಬ್ಬರ ಪಾಲಾಗಬಹುದು. ಎರಡನ್ನೂ ಕೂಡಿಸಿದರೆ ಒಂದು ಬಾಣಂತನದ ಅವಧಿಯೇ ಆಗುತ್ತದೆ. ಸಾಲದ್ದಕ್ಕೆ, ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನೊಳಗಿದ್ದರೆ ಮಾತ್ರ ನಡೆಯುವಂತಿರಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ನಿರ್ದೇಶಿಸಿತು. ವಂಚಕರನ್ನು ತಡೆಯುವ ಉದ್ದೇಶ ಸರಿಯಾದದ್ದೇ, ಆದರೆ ಸಿಮ್ಮನ್ನು ಲಕೋಟೆಯಲ್ಲಿಟ್ಟ ನನ್ನಂಥವರೂ ಅದೇ ಬಲೆಗೆ ಬೀಳುತ್ತಾರೆ.

ಯುರೋಪಿನವರು ಇದನ್ನು ಕಂಪನಿಗಳ ಮರ್ಜಿಗೆ ಬಿಡಲಿಲ್ಲ. ಐರೋಪ್ಯ ಒಕ್ಕೂಟ 2007ರಲ್ಲಿ ರೋಮಿಂಗ್ ಕರೆಗಳಿಗೆ ಗರಿಷ್ಠ ದರ ಕಟ್ಟಿತು, 2010ರಲ್ಲಿ ಡೇಟಾ ಬಿಲ್ಲು 50 ಯೂರೊ ದಾಟಿದೊಡನೆ ಸಂಪರ್ಕ ತಾನಾಗಿ ನಿಲ್ಲುವಂತೆ ಮಾಡಿತು, 2017ರ ಜೂನ್ 15ರಂದು ಸದಸ್ಯ ದೇಶಗಳ ನಡುವಿನ ಹೆಚ್ಚುವರಿ ರೋಮಿಂಗ್ ಶುಲ್ಕವನ್ನೇ ತೆಗೆದುಹಾಕಿತು. ಒಕ್ಕೂಟದೊಳಗಿಲ್ಲದ ಸ್ವಿಟ್ಜರ್‌ಲೆಂಡಿಗೆ ಆ ನಿಯಮ ಅನ್ವಯಿಸದೆ, ಆಲ್ಪ್ಸ್ ನೋಡಲು ಹೋದ ನಮ್ಮವರು ಅಲ್ಲಿ ಬಿಲ್ಲು ತೆತ್ತು ಬರುವುದು ಬೇರೆ ಮಾತು. ನಮಗೂ ಅಮೆರಿಕಕ್ಕೂ ನಡುವೆ ಅಂಥ ಒಪ್ಪಂದ ಆಗಲಿಕ್ಕಿಲ್ಲ. ಬ್ಯಾಂಕುಗಳು ಮನಸ್ಸು ಮಾಡಿದರೆ ಅದರ ಅಗತ್ಯವೂ ಇಷ್ಟು ಇರುವುದಿಲ್ಲ: ಎಸ್ಸೆಮ್ಮೆಸ್ ಅಲ್ಲದೆ ಬೇರೆ ಬಗೆಯ ದೃಢೀಕರಣಕ್ಕೂ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನ ನಿರ್ದೇಶನದಲ್ಲಿ ದಾರಿ ಮಾಡಿಕೊಟ್ಟಿದೆ. ನಮ್ಮ ಬ್ಯಾಂಕಿನ ಶಾಖೆಗೆ ಹೋಗಿ, ಹೊರದೇಶದಲ್ಲಿರುವಷ್ಟು ಕಾಲ ಓಟಿಪಿಯನ್ನು ಇಮೇಲಿಗೂ ಕಳುಹಿಸಬಹುದೇ ಎಂದು ಕೇಳಿದೆ. ಅದು ಅನಿವಾಸಿ ಖಾತೆದಾರರಿಗೆ ಮಾತ್ರ ಸಾರ್ ಎಂದರು. ಅರ್ಧ ವರ್ಷ ಪರದೇಶದಲ್ಲಿ ಮಗು ಎತ್ತಿ ಆಡಿಸಿಕೊಂಡು ಬರುವ ನಿವಾಸಿಗಳಿಗೆ ಅವರ ಅರ್ಜಿಯಲ್ಲಿ ಕಾಲಂ ಇಲ್ಲ.

ಈ ನವೆಂಬರಿನಲ್ಲಿ ಎರಡನೆಯ ಮಗಳ ಹೆರಿಗೆಗೆ ಮ್ಯೂನಿಕ್‌ಗೆ ಹೊರಡಬೇಕಾಗಿದೆ. ಒಂದು ವರ್ಷದ ರೀಚಾರ್ಜ್ ಈಗಲೇ ಮಾಡಿಸಿದ್ದೇನೆ. ತಂಗಿಯ ಮಗನಿಗೂ ನಂಬರು ಕೊಟ್ಟು, ಅವಧಿ ಮುಗಿಯುವ ದಿನಾಂಕವನ್ನು ಅವನ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ.