ಯಾರಿಗೂ ಗೊತ್ತಾಗಬಾರದು, ಮೇಡಂ

ಕಳೆದ ವಾರ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ದೂರದ ಸಂಬಂಧಿಯೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, "ಹೊಟ್ಟೆಯ ಕೊಬ್ಬನ್ನು ಪೈಪ್ ಹಾಕಿ ಎಳೆದುಬಿಡುತ್ತಾರಂತಲ್ಲ, ನಿಜವೇನಮ್ಮಾ?" ಎಂದು ಕೇಳಿದರು. ಅವರ ಎಲೆಯಲ್ಲಿ ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿತ್ತು. ನಿಜ ಎಂದೆ. ಎದುರು ಸಾಲಿನಲ್ಲಿದ್ದ ಅವರ ಸೊಸೆ ತಲೆ ಎತ್ತಿ ನೋಡಿದ್ದೇ ತಡ, ಮಾತು ಥಟ್ಟನೆ ಮಾವಿನಕಾಯಿ ಉಪ್ಪಿನಕಾಯಿಯ ಕಡೆಗೆ ಹೊರಳಿತು.

ನಾನು ಅರಿವಳಿಕೆ ವೈದ್ಯೆ. ಸರ್ಜನ್ ಆಪರೇಷನ್ ಮಾಡುವಷ್ಟು ಹೊತ್ತು ರೋಗಿಯ ಉಸಿರು ಕಾಯುವವಳು. ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ, ಅದರಲ್ಲಿ ವಾರಕ್ಕೆ ಎರಡು ದಿನ ಪ್ಲಾಸ್ಟಿಕ್ ಸರ್ಜರಿ ಥಿಯೇಟರಿನಲ್ಲಿ. ಸರ್ಜನ್ ಎದುರು ನಾಚಿಕೊಂಡು ನುಂಗಿದ ಪ್ರಶ್ನೆಗಳೆಲ್ಲ ಹಿಂದಿನ ದಿನದ ತಪಾಸಣೆಯಲ್ಲಿ ನನ್ನ ಮೇಜಿಗೆ ಬರುತ್ತವೆ. ಪಂಕ್ತಿಯಲ್ಲಿ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಮುಗಿಸುತ್ತೇನೆ. ರೋಗಿಗಳ ಗುರುತು ಸಿಗದಂತೆ ಊರು, ವಿವರಗಳನ್ನು ಬದಲಾಯಿಸಿದ್ದೇನೆ.

ಮೊದಲ ಪ್ರಶ್ನೆ ಸಾಮಾನ್ಯವಾಗಿ ಮುಗ್ಧವಾದದ್ದು: "ಒಳಗೆ ಪ್ಲಾಸ್ಟಿಕ್ ಇಡುತ್ತೀರಾ?" ಇಲ್ಲ. ಪ್ಲಾಸ್ಟಿಕ್ ಸರ್ಜರಿಯ 'ಪ್ಲಾಸ್ಟಿಕ್' ಗ್ರೀಕ್ ಮೂಲದ ಮಾತು, ರೂಪ ಕೊಡುವುದು ಎಂಬ ಅರ್ಥದ್ದು. ನಮ್ಮ ಬಕೆಟ್ಟು, ಬಿಂದಿಗೆಗಳ ಪ್ಲಾಸ್ಟಿಕ್ ಹುಟ್ಟುವುದಕ್ಕಿಂತ ಹಳೆಯದು. ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಮೈಸೂರು ಸೀಮೆಯ ಯುದ್ಧಕ್ಕೂ ಒಂದು ಜಾಗವಿದೆ. 1792ರ ಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಕಡೆ ಇಟ್ಟಿಗೆ ಮಾಡುವ ಮನೆತನದವನೊಬ್ಬ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಅವನಿಗೆ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಚಿತ್ರಸಮೇತ ಅದನ್ನು ಅಚ್ಚು ಹಾಕಿತು. ಇಪ್ಪತ್ತು ವರ್ಷಗಳ ನಂತರ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಸರ್ಜನ್ ಅದೇ ವಿಧಾನವನ್ನು ಅಲ್ಲಿ ಮಾಡಿ ತೋರಿಸಿದ. ಇವತ್ತಿಗೂ ಪ್ಲಾಸ್ಟಿಕ್ ಸರ್ಜನ್ನರ ಕೈತುಂಬ ಇರುವ ಕೆಲಸ ಸುಟ್ಟ ಗಾಯ, ಸೀಳುತುಟಿ, ಅಪಘಾತದಲ್ಲಿ ಜಜ್ಜಿದ ಮುಖ. ಸೌಂದರ್ಯದ ಕೆಲಸ ಅದರ ಒಂದು ಪಾಲು ಮಾತ್ರ.

ಎರಡನೆಯ ಪ್ರಶ್ನೆಯನ್ನು ಮುಗ್ಧ ಎನ್ನಲಾರೆ, ಅದು ಜಾಹೀರಾತು ಕಲಿಸಿಕೊಟ್ಟದ್ದು: "ಎಷ್ಟು ಕೆ.ಜಿ. ಹೋಗುತ್ತದೆ?" ಒಬ್ಬ ಹುಡುಗಿ ಕ್ಯಾಲೆಂಡರ್ ಹಿಡಿದುಕೊಂಡೇ ಬಂದಿದ್ದಳು. ಈಗ 82 ಕೆ.ಜಿ., ಮಾಘ ಮಾಸದ ಮುಹೂರ್ತಕ್ಕೆ 65 ಆಗಬೇಕು. ಕೊಳವೆ ಹಾಕಿ ಕೊಬ್ಬು ಎಳೆಯುವ ಲೈಪೊಸಕ್ಷನ್ ಎಂದರೆ ತಕ್ಕಡಿಯ ಚಿಕಿತ್ಸೆ ಎಂದು ಯಾರೋ ಅವಳ ತಲೆಯಲ್ಲಿ ತುಂಬಿಬಿಟ್ಟಿದ್ದರು.

ಥಿಯೇಟರಿನಲ್ಲಿ ಆಗುವುದು ಇಷ್ಟು. ಸಲೈನ್ ನೀರಿಗೆ ಮರಗಟ್ಟಿಸುವ ಲಿಗ್ನೊಕೇನ್, ರಕ್ತನಾಳ ಬಿಗಿಯಿಸುವ ಅಡ್ರಿನಲಿನ್ ಬೆರೆಸಿ ಚರ್ಮದ ಕೆಳಗೆ ತುಂಬುತ್ತಾರೆ. ಜಾಗ ತಂಬೂರಿಯ ಬುರುಡೆಯಂತೆ ಬಿಗಿಯಾದ ಮೇಲೆ ಪೆನ್ನಿನ ರೀಫಿಲ್‌ಗಿಂತ ತುಸು ದಪ್ಪದ, ಮೊಂಡು ತುದಿಯ ಕೊಳವೆಯನ್ನು ಒಳಗೆ ಆಡಿಸುತ್ತಾ ಕೊಬ್ಬನ್ನು ಎಳೆಯುತ್ತಾರೆ. ಗೋಡೆಯ ಪಕ್ಕದ ಗಾಜಿನ ಜಾಡಿಯಲ್ಲಿ ಅದು ತುಂಬುವುದನ್ನು ನಾನು ತಲೆಯ ಕಡೆ ಕುಳಿತು ನೋಡುತ್ತಿರುತ್ತೇನೆ. ಮೇಲೆ ಹಳದಿ, ಬೆಣ್ಣೆ ಕಾಯಿಸುವಾಗ ಅರ್ಧ ಕರಗಿದ ಹಂತದ ಬಣ್ಣ. ಕೆಳಗೆ ತೆಳ್ಳಗಿನ ಕೆಂಪು ನೀರು. ನಮ್ಮ ಕಣ್ಣು ಆ ಕೆಂಪಿನ ಮೇಲೆ. ಒಂದು ಲೀಟರ್ ಕೊಬ್ಬು ಸುಮಾರು 900 ಗ್ರಾಂ ತೂಗುತ್ತದೆ. ನೀರೂ ಸೇರಿ ಒಟ್ಟು 5 ಲೀಟರ್ ದಾಟಿದರೆ ಅದು ದೊಡ್ಡ ಪ್ರಮಾಣದ ಆಪರೇಷನ್, ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನಾಡಿ, ಮೂತ್ರ, ಉಸಿರು ನೋಡಬೇಕು. ಲೆಕ್ಕ ನೀವೇ ಹಾಕಿ: ಹದಿನೇಳು ಕೆ.ಜಿ. ಎಲ್ಲಿಂದ ಬರಬೇಕು? ಮರುದಿನ ಬೆಳಿಗ್ಗೆ ತೂಕ ನೋಡಿ ಅತ್ತವರಿದ್ದಾರೆ, ಮುಳ್ಳು ಹಿಂದಿಗಿಂತ ಮುಂದಿರುತ್ತದೆ. ಒಳಗೆ ತುಂಬಿದ ನೀರು, ಊತ ಎಲ್ಲವೂ ಇನ್ನೂ ಮೈಯಲ್ಲೇ ಇರುತ್ತದಲ್ಲ. ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು.

ಸುಮಾರಾಗಿ ತಮ್ಮ ತೂಕಕ್ಕೆ ಹತ್ತಿರವೇ ಇದ್ದು, ವ್ಯಾಯಾಮಕ್ಕೂ ಪಥ್ಯಕ್ಕೂ ಜಗ್ಗದ ಒಂದೆರಡು ಮೊಂಡು ಜಾಗಗಳನ್ನು ಸರಿಮಾಡಿಕೊಳ್ಳಬೇಕು ಎನ್ನುವವರಿಗೆ ಈ ಚಿಕಿತ್ಸೆ ಸರಿ. ನಡುವಯಸ್ಸಿನ ಗಂಡಸರ ಗಟ್ಟಿ ಗುಡಾಣ ಹೊಟ್ಟೆಗೆ ಇದು ಹೇಳಿದ್ದಲ್ಲ. ಚಿವುಟಿದರೆ ಎರಡು ಬೆರಳಿನ ನಡುವೆ ಸಿಗುವ ಕೊಬ್ಬು ಮಾತ್ರ ಕೊಳವೆಗೆ ಸಿಗುತ್ತದೆ. ಅವರ ಕೊಬ್ಬು ಸ್ನಾಯುವಿನ ಹಿಂದೆ, ಕರುಳಿನ ಸುತ್ತ ಕುಳಿತಿರುತ್ತದೆ. "ಹಾಗಾದರೆ ಶುಗರ್ ಆದರೂ ಇಳಿಯುತ್ತದಾ?" ಎಂದು ಕೇಳುತ್ತಾರೆ. 2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು ಸಂಶೋಧನೆಗೆಂದೇ 15 ಸ್ಥೂಲಕಾಯದ ಮಹಿಳೆಯರಿಂದ ಸರಾಸರಿ ಒಂಬತ್ತು ಹತ್ತು ಕೆ.ಜಿ. ಕೊಬ್ಬು ತೆಗೆದು ಸುಮಾರು ಮೂರು ತಿಂಗಳ ಬಳಿಕ ಪರೀಕ್ಷಿಸಿದರು. ರಕ್ತದೊತ್ತಡ, ಇನ್ಸುಲಿನ್ ಕೆಲಸ, ಕೊಲೆಸ್ಟ್ರಾಲ್, ಯಾವುದೂ ಸುಧಾರಿಸಿರಲಿಲ್ಲ. ತೆಗೆದ ಕೊಬ್ಬಿನ ಕೋಶಗಳು ಮತ್ತೆ ಹುಟ್ಟುವುದಿಲ್ಲ ಎನ್ನುವುದು ಬಹುಮಟ್ಟಿಗೆ ಸರಿಯೇ, ಆದರೆ ಉಳಿದ ಕೋಶಗಳು ಹೋಳಿಗೆಗೆ ಬೇಡ ಎನ್ನುವುದಿಲ್ಲ.

ಎರಡು ಸಿಸೇರಿಯನ್ ಆಗಿ ಹೊಟ್ಟೆಯ ಚರ್ಮ ಜೋತುಬಿದ್ದವರ ಸಮಸ್ಯೆ ಬೇರೆ. ಅಲ್ಲಿ ಸ್ನಾಯುಗಳೇ ನಡುವೆ ಬಿಟ್ಟುಕೊಂಡಿರುತ್ತವೆ. ಸ್ನಾಯು ಹೊಲಿದು ಹೆಚ್ಚಾದ ಚರ್ಮ ಕತ್ತರಿಸಿ ತೆಗೆಯಬೇಕು, ಸೊಂಟದಿಂದ ಸೊಂಟಕ್ಕೆ ಗುರುತು ಉಳಿಯುತ್ತದೆ. "ಬಾಣಂತನದಲ್ಲಿ ಅಮ್ಮ ಹೊಟ್ಟೆಗೆ ಬಟ್ಟೆ ಕಟ್ಟಿದ್ದು ಸಾಲಲಿಲ್ಲವೇನೋ" ಎಂದು ತಾಯಿಯನ್ನು ದೂರುವವರಿದ್ದಾರೆ. ಪಾಪ, ಅಮ್ಮನ ತಪ್ಪೇನೂ ಇಲ್ಲ.

ವಿಮೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಅಥವಾ ವೈದ್ಯಕೀಯ ಅಗತ್ಯ ಇಲ್ಲದ ಸೌಂದರ್ಯ ಚಿಕಿತ್ಸೆಗೆ ವಿಮೆ ಸಿಗುವುದಿಲ್ಲ, ಮೇಲೆ ಜಿಎಸ್‌ಟಿ ಬೇರೆ. "ಹರ್ನಿಯಾ ಎಂದು ಬರೆದುಕೊಡಿ ಮೇಡಂ" ಎನ್ನುವವರಿಗೆ ನನ್ನ ಉತ್ತರ, ಬರೆದುಕೊಡುವುದಿಲ್ಲ.

"ಚಿಕ್ಕ ಆಪರೇಷನ್ ತಾನೆ?" ಎಂದು ಕೇಳಿದವರಿಗೆ ಹಳೆಯ ಕಥೆಯೊಂದನ್ನು ಹೇಳುತ್ತೇನೆ. 1921ರಲ್ಲಿ ಫ್ರಾನ್ಸಿನ ಸರ್ಜನ್ ಚಾರ್ಲ್ಸ್ ದುಜಾರಿಯೆ ಒಬ್ಬ ನರ್ತಕಿಯ ಮೊಣಕಾಲಿನ ಸುತ್ತಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದ. ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಯಿತು. ಆಮೇಲೆ ಎಷ್ಟೋ ವರ್ಷ ಆ ಕೆಲಸದ ಹತ್ತಿರ ಹೋಗಲು ವೈದ್ಯರು ಹೆದರಿದರು. 1977ರ ಹೊತ್ತಿಗೆ ಪ್ಯಾರಿಸ್ಸಿನ ಇಲೂಜ್ ಮೊಂಡು ತುದಿಯ ಕೊಳವೆಯ ವಿಧಾನ ತಂದರು. 1987ರಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್, ನಾನು ಮೇಲೆ ಹೇಳಿದ ನೀರು ತುಂಬಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ರಕ್ತ ಹೋಗುವುದು ಬಹಳ ಕಡಿಮೆಯಾಯಿತು. ಇವತ್ತು ಹೊರಗೆ ಕಾಣುವ ಗಾಯ ಕಡಲೆಕಾಳಿಗಿಂತ ಚಿಕ್ಕದು. ಚರ್ಮದ ಕೆಳಗಿನ ಗಾಯ ಮಾತ್ರ ಎರಡು ಅಂಗೈ ಅಗಲ ಇರುತ್ತದೆ. ಕಾಲಿನ ನಾಳದಲ್ಲಿ ಗಡ್ಡೆಗಟ್ಟಿದ ರಕ್ತವೋ ಕರಗಿದ ಕೊಬ್ಬೋ ಶ್ವಾಸಕೋಶಕ್ಕೆ ಹೋಗಬಹುದು, ತುಂಬಿದ ನೀರು ಹೆಚ್ಚಾಗಿ ಶ್ವಾಸಕೋಶದಲ್ಲಿ ನಿಲ್ಲಬಹುದು, ಲಿಗ್ನೊಕೇನ್ ಮಿತಿ ಮೀರಿದರೆ ಹೃದಯದ ಬಡಿತ ತಪ್ಪಬಹುದು. ಇವೆಲ್ಲ ಅಪರೂಪ. ಅಪರೂಪಕ್ಕೆ ಆದಾಗ ನೋಡಲೆಂದೇ ನನ್ನಂಥವರು ಅಲ್ಲಿರುವುದು.

ನಾನು ಇಷ್ಟೆಲ್ಲ ಬರೆಯಲು ಕುಳಿತದ್ದು ಈ ಯಾವ ಪ್ರಶ್ನೆಗಾಗಿಯೂ ಅಲ್ಲ. ಎಲ್ಲರೂ ಕೊನೆಯಲ್ಲಿ ದನಿ ತಗ್ಗಿಸಿ ಹೇಳುವ ಒಂದು ಮಾತಿದೆ: "ಯಾರಿಗೂ ಗೊತ್ತಾಗಬಾರದು, ಮೇಡಂ." ಹತ್ತೊಂಬತ್ತು ವರ್ಷಗಳಲ್ಲಿ ನನ್ನನ್ನು ಕೊಳವೆಗಿಂತ, ಔಷಧಿಗಿಂತ ಹೆಚ್ಚು ಹೆದರಿಸಿದ್ದು ಈ ಮಾತು.

ದಾವಣಗೆರೆ ಕಡೆಯಿಂದ ಬಂದಿದ್ದ ಒಬ್ಬ ಮಹಿಳೆ, ನಲವತ್ತರ ಆಸುಪಾಸು. ಮನೆಯಲ್ಲಿ ಗೆಳತಿಯ ಮಗಳ ಮದುವೆ ಎಂದು ಹೇಳಿ ಬೆಂಗಳೂರಿಗೆ ಬಂದಿದ್ದರು. ಸೂಟ್‌ಕೇಸಿನಲ್ಲಿ ಸಾಕ್ಷಿಗೆ ಒಂದು ರೇಷ್ಮೆ ಸೀರೆಯೂ ಇತ್ತು. "ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದೆ. ಥೈರಾಯ್ಡ್ ಮಾತ್ರೆ ಒಂದೇ ಎಂದರು. ಮತ್ತೆ ಕೇಳಿದೆ, ಅದೇ ಉತ್ತರ. ಫೈಲು ಮುಚ್ಚಿ ಹೊರಟಾಗ ಬಾಗಿಲವರೆಗೆ ಬಂದು, "ಮೇಡಂ, ಅದು ಮಾತ್ರೆ ಅಂತ ಲೆಕ್ಕವೋ ಇಲ್ಲವೋ, ಗೃಹಪ್ರವೇಶ ಇತ್ತಲ್ಲ, ಮುಟ್ಟು ಮುಂದಕ್ಕೆ ಹೋಗಲಿ ಎಂದು ಅತ್ತೆ ತಂದುಕೊಟ್ಟಿದ್ದರು. ಮೂರು ವಾರದಿಂದ ನುಂಗುತ್ತಿದ್ದೇನೆ" ಎಂದರು. ಪರ್ಸಿನಿಂದ ತೆಗೆದು ತೋರಿಸಿದ ಪಟ್ಟಿಯಲ್ಲಿ ಎರಡು ಮಾತ್ರೆ ಉಳಿದಿದ್ದವು. ಆ ಮಾತ್ರೆಯಲ್ಲಿರುವ ಹಾರ್ಮೋನು ರಕ್ತ ಗಡ್ಡೆಗಟ್ಟುವ ಸಂಭವವನ್ನು ಹೆಚ್ಚಿಸುತ್ತದೆ. ಅದರ ಮೇಲೆ ಮೂರು ಗಂಟೆಯ ಆಪರೇಷನ್, ಬಿಗಿಯಾದ ಬೆಲ್ಟು, ಮಲಗಿದಲ್ಲೇ ಇರುವ ಎರಡು ದಿನ. ಸರ್ಜನ್‌ಗೆ ಫೋನ್ ಮಾಡಿ ಮುಂದೂಡಿಸಿದೆ. ಆಕೆಗೆ ಬಂದದ್ದು ಭಯವಲ್ಲ, ಸಿಟ್ಟು. "ಮತ್ತೆ ಯಾವ ಮದುವೆಯ ನೆಪ ಹೇಳಲಿ?" ಎಂದರು.

ಇನ್ನೊಬ್ಬ ಇಪ್ಪತ್ತಮೂರರ ಹುಡುಗ, ಹೆಣ್ಣುಮಕ್ಕಳಂತೆ ಎದೆ ಬೆಳೆದಿದೆ ಎಂದು ಕಾಲೇಜಿನಲ್ಲಿ ಅಡ್ಡಹೆಸರು ಇಡಿಸಿಕೊಂಡವನು. ಏಪ್ರಿಲ್ ಬಿಸಿಲಿನಲ್ಲೂ ಶರ್ಟಿನೊಳಗೆ ಎರಡು ಬನಿಯನ್, ಭುಜ ಮುಂದಕ್ಕೆ ಬಾಗಿಸಿದ ನಡಿಗೆ. ಇಂಥವರನ್ನು ನೋಡಿದ ಮೇಲೂ ಇದನ್ನೆಲ್ಲ ಶೋಕಿ ಎನ್ನುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ಸಿಗರೇಟು ಸೇದುತ್ತೀಯಾ ಎಂದು ಕೇಳಿದರೆ ಇಲ್ಲ ಎಂದ, ಆದರೆ ಕಣ್ಣು ಪಕ್ಕದಲ್ಲಿದ್ದ ಅಪ್ಪನ ಕಡೆ ಹೋಯಿತು. ಅಪ್ಪನನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸಿದೆ. "ದಿನಕ್ಕೆ ಎಂಟು" ಎಂದ. ಸೇದುವವರಲ್ಲಿ ಚರ್ಮಕ್ಕೆ ರಕ್ತ ಸಾಲದೆ ಗಾಯ ಕಪ್ಪಾಗಬಹುದು, ನಾಲ್ಕು ವಾರವಾದರೂ ಬಿಟ್ಟಿರಬೇಕು. ಮುಂದೂಡಲು ಅಪ್ಪನಿಗೆ ರಕ್ತಪರೀಕ್ಷೆಯ ಕಾರಣ ಹೇಳಿದೆ. ಸುಳ್ಳೇ. ಆ ದಿನ ನಾನೂ ಗುಟ್ಟಿನ ಪಾಲುದಾರಳು.

ಗುಟ್ಟಿನ ನಿಜವಾದ ಬೆಲೆ ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. ಮೂರನೆಯ ರಾತ್ರಿ ಎದೆ ಹಿಡಿದುಕೊಂಡು ಏದುಸಿರು ಬಂದರೆ, ಆಪರೇಷನ್ ಆದದ್ದೇ ಗೊತ್ತಿಲ್ಲದ ಗಂಡ ಏನು ಮಾಡುತ್ತಾನೆ? ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕಾಯಿಸುತ್ತಾನೆ. ಆಂಬುಲೆನ್ಸಿಗೆ ಸಿಗಬೇಕಾದ ಒಂದು ಗಂಟೆ ಒಲೆಯ ಮುಂದೆ ಹೋಗುತ್ತದೆ. ವಿದೇಶದಿಂದ ಎರಡು ವಾರದ ರಜೆಗೆ ಬಂದು, ಯಾರಿಗೂ ಹೇಳದೆ ಮಾಡಿಸಿಕೊಂಡು, ಹತ್ತನೆಯ ದಿನ ವಿಮಾನ ಹತ್ತುತ್ತೇನೆ ಎನ್ನುವ ನಮ್ಮವರೂ ಇದ್ದಾರೆ. ಹದಿನೆಂಟು ಗಂಟೆ ಮಡಿಚಿದ ಕಾಲು, ಪಕ್ಕದಲ್ಲಿ ಅಪರಿಚಿತ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಹೆತ್ತವರಿಗೆ ತಿಳಿಸದೆ ಸ್ನೇಹಿತರ ಜೊತೆ ಹೋಗಿದ್ದರೆಂದು ಆಗ ಪತ್ರಿಕೆಗಳು ಬರೆದವು. ಆ ವಾರ ಇದೇ ಫೇಸ್‌ಬುಕ್ಕಿನಲ್ಲಿ ಜನ ಬರೆದದ್ದು ನನಗೆ ನೆನಪಿದೆ. ದೇವರು ಕೊಟ್ಟದ್ದರಲ್ಲಿ ತೃಪ್ತಿ ಇರಬೇಕಿತ್ತು, ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವು. ಸತ್ತ ಮಗುವಿನ ತಂದೆತಾಯಿ ಓದುತ್ತಾರೆ ಎಂಬ ಪರಿವೆಯೂ ಇಲ್ಲ. ಆ ಮಾತುಗಳನ್ನು ಓದಿದ ನೂರಾರು ಹುಡುಗಿಯರು ಆಪರೇಷನ್ ಆಸೆ ಬಿಟ್ಟರು ಎಂದುಕೊಂಡಿರಾ? ಇನ್ನಷ್ಟು ಗುಟ್ಟು ಮಾಡುವುದನ್ನು ಕಲಿತರು, ಅಷ್ಟೆ.

ಗುಟ್ಟು ಬೇಕಾದವರು ಹೋಗುವುದು ಎಲ್ಲಿಗೆ? ದೊಡ್ಡ ಆಸ್ಪತ್ರೆಯಲ್ಲಿ ಪರಿಚಯದವರು ಸಿಕ್ಕಾರು ಎಂದು ಮೊದಲ ಮಹಡಿಯ, ಬೆಳಿಗ್ಗೆ ಮಾಡಿ ಸಂಜೆ ಕಳಿಸುವ ಜಾಗಕ್ಕೆ. ಅಲ್ಲಿ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹಾಗಾದಾಗಲೇ ನನಗೆ ದಿಗಿಲು. ಗೋಡೆಯ ಮೇಲೆ ಖಾಸಗಿ ಆಸ್ಪತ್ರೆಗಳಿಗೆ ಬೇಕಾದ ಸರ್ಕಾರದ ಕೆಪಿಎಂಇ ನೋಂದಣಿ ಪತ್ರ ಇದೆಯೇ, ಮಾಡುವವರು ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಓದಿದವರೇ, ಅರಿವಳಿಕೆಗೆ ಯಾರು, ತೊಂದರೆಯಾದರೆ ಐಸಿಯು ಎಷ್ಟು ದೂರ, ಇದನ್ನೆಲ್ಲ ಕೇಳಲು ಜೊತೆಗೊಬ್ಬರು ಬೇಕು. ಬಟ್ಟೆ ಬದಲಿಸಿ ಹಸಿರು ಗೌನಿನಲ್ಲಿ ಕುಳಿತವರಿಗೆ ಬಾಯಿ ಬರುವುದಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಗಳ ಕುರಿತ ಮಾರ್ಗಸೂಚಿಯಲ್ಲಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ಬರೆಯಬೇಕಾಯಿತು. ಅದನ್ನೂ ಬರೆದು ಹೇಳಬೇಕಾದ ಕಾಲ.

ದಾವಣಗೆರೆಯ ಆ ಮಹಿಳೆ ಎರಡು ತಿಂಗಳ ನಂತರ ಮತ್ತೆ ಬಂದರು. ಈ ಸಲ ಅಕ್ಕನಿಗೆ ಹೇಳಿದ್ದರು, ಯಜಮಾನರಿಗೂ ಹೇಳಿದ್ದರು. ಯಜಮಾನರು ಒಂದು ವಾರ ಮಾತು ಬಿಟ್ಟು, ಆಮೇಲೆ ತಾವೇ ಬಸ್ ಟಿಕೆಟ್ ಬುಕ್ ಮಾಡಿಸಿದರಂತೆ. ಅಕ್ಕ ನನ್ನ ಎದುರಿನ ಕುರ್ಚಿಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತರು. ಕೆ.ಜಿ. ಕೇಳಲಿಲ್ಲ, ಗುರುತು ಕೇಳಲಿಲ್ಲ. "ರಾತ್ರಿ ಏನಾದರೂ ಆದರೆ ನೀವು ಇರುತ್ತೀರೋ, ಬೇರೆ ಯಾರಾದರೂ ಇರುತ್ತಾರೋ?" ಎಂದರು. ರಾತ್ರಿ ಪಾಳಿಯ ವೈದ್ಯರ ಹೆಸರು ಹೇಳಿದೆ, ನನ್ನ ಫೋನ್ ನಂಬರ್ ಕೊಟ್ಟೆ. ಚೀಲದಲ್ಲಿ ಕಾಗದ ಹುಡುಕಿ ಸಿಗದೆ, ಯಾವುದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಎರಡನ್ನೂ ಬರೆದುಕೊಂಡರು.